ನರಿ ಬೇಟೆ: ನಿಷೇಧವಾಗಿ 20 ವರ್ಷ ಕಳೆದರೂ ಇಂಗ್ಲೆಂಡಿನಲ್ಲಿ ಜಗಳ ಮುಗಿದಿಲ್ಲ ಏಕೆ?

2025ರ ಡಿಸೆಂಬರ್ 22ರಂದು ಬ್ರಿಟನ್ ಸರ್ಕಾರ ಇಂಗ್ಲೆಂಡಿನ ಪ್ರಾಣಿಗಳ ಕ್ಷೇಮಕ್ಕಾಗಿ ಒಂದು ಹೊಸ ಯೋಜನೆಯನ್ನು ಹೊರತಂದಿತು. ಅದರಲ್ಲಿ ಕೋಳಿಗಳ ಪಂಜರದ ವಿಷಯವಿತ್ತು. ನಾಯಿಮರಿ ದಂಧೆಯ ವಿಷಯವಿತ್ತು. ಉರುಳು ಹಾಕಿ ಪ್ರಾಣಿ ಹಿಡಿಯುವುದನ್ನು ನಿಲ್ಲಿಸುವ ಮಾತೂ ಇತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಟ್ರೇಲ್ ಹಂಟಿಂಗ್ ಅನ್ನು ನಿಷೇಧಿಸುತ್ತೇವೆ ಎಂಬ ಮಾತು. ಇದಕ್ಕಾಗಿ 2026ರ ಆರಂಭದಲ್ಲಿ ಜನರ ಅಭಿಪ್ರಾಯ ಕೇಳುತ್ತೇವೆ ಎಂದು ಸರ್ಕಾರ ಹೇಳಿತು. 2024ರ ಚುನಾವಣೆಗೆ ಮುಂಚೆ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ ಕೊಟ್ಟಿದ್ದ ಮಾತೇ ಇದು.

ಓದಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಇಂಗ್ಲೆಂಡಿನಲ್ಲಿ ನರಿ ಬೇಟೆ ಎಂದೋ ನಿಂತುಹೋಗಿತ್ತಲ್ವಾ? ಕಾಗದದ ಮೇಲೆ ಹೌದು. 2004ರ ನವೆಂಬರ್ 18ರಂದು ಹಂಟಿಂಗ್ ಕಾಯ್ದೆಗೆ ರಾಣಿಯ ಒಪ್ಪಿಗೆ ಸಿಕ್ಕಿತು. 2005ರ ಫೆಬ್ರವರಿ 18ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಗಳನ್ನು ಬಿಟ್ಟು ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧವಾಯಿತು. ಆದರೂ ಇವತ್ತಿಗೂ ಪ್ರತಿ ಡಿಸೆಂಬರ್ 26ರ ಬೆಳಿಗ್ಗೆ, ಕ್ರಿಸ್‌ಮಸ್‌ನ ಮಾರನೇ ದಿನ, ಅಲ್ಲಿನ ಸಣ್ಣ ಊರುಗಳ ಚೌಕದಲ್ಲಿ ಕೆಂಪು ಕೋಟಿನ ಸವಾರರು ಸೇರುತ್ತಾರೆ. ಕುದುರೆಗಳಿರುತ್ತವೆ, ಹೌಂಡ್ ನಾಯಿಗಳ ಹಿಂಡಿರುತ್ತದೆ, ಕಹಳೆ ಇರುತ್ತದೆ. ಕಾಯ್ದೆ ಬರುವ ಮುಂಚೆ ಇದ್ದದ್ದೆಲ್ಲ ಹಾಗೇ ಇದೆ. ಕೇಳಿದರೆ ನಾವು ನರಿಯನ್ನು ಬೇಟೆಯಾಡುತ್ತಿಲ್ಲ, ಬರೀ ವಾಸನೆಯ ಜಾಡನ್ನು ಹಿಂಬಾಲಿಸುತ್ತಿದ್ದೇವೆ ಎನ್ನುತ್ತಾರೆ. ಇದೇ ಟ್ರೇಲ್ ಹಂಟಿಂಗ್.

ನರಿ ಬೇಟೆ ತಪ್ಪೋ ಸರಿಯೋ ಎಂಬ ಪ್ರಶ್ನೆಗೆ ಬ್ರಿಟನ್ ಉತ್ತರ ಕೊಟ್ಟು ಬಹಳ ಕಾಲವಾಯಿತು. ಈಗಿನ ಜಗಳ ಬೇರೆಯದು. ಒಂದು ಕೆಲಸವನ್ನು ನಿಷೇಧಿಸಿ, ಆ ಕೆಲಸಕ್ಕೆ ಬೇಕಾದ ಎಲ್ಲವನ್ನೂ ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು 20 ವರ್ಷ ತೋರಿಸಿಕೊಟ್ಟಿದೆ. ಹಳೆಯ ಕಾಯ್ದೆ ಎಲ್ಲಿ ಸೋತಿತು ಎಂದು ಸರಿಯಾಗಿ ಗುರುತಿಸದೆ ಹೊಸದನ್ನು ಬರೆದರೆ ಅದೂ ಸೋಲುತ್ತದೆ.

ಬೇಟೆ ನಡೆಯುತ್ತಿದ್ದ ಬಗೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜಗಳದ ಅರ್ಧ ಇಲ್ಲೇ ಅಡಗಿದೆ.

ಬೇಟೆಯ ಮುಖ್ಯ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಚಳಿಗಾಲ. ಪ್ರತಿ ಹಂಟ್‌ಗೂ, ಅಂದರೆ ಬೇಟೆಯ ತಂಡಕ್ಕೂ, ಅದರದೇ ಸೀಮೆ ಇರುತ್ತದೆ, ಅದರದೇ ನಾಯಿಗಳ ಹಿಂಡು ಇರುತ್ತದೆ. ಹಿಂದಿನ ರಾತ್ರಿಯೇ ಆ ಸೀಮೆಯ ನರಿ ಬಿಲಗಳ ಬಾಯಿ ಮುಚ್ಚುತ್ತಿದ್ದರು. ಆಹಾರ ಹುಡುಕಲು ಹೋದ ನರಿ ಬೆಳಿಗ್ಗೆ ಹಿಂದಿರುಗಿ ಒಳಗೆ ಸೇರಿಕೊಳ್ಳಬಾರದು ಎಂದು ಹೀಗೆ ಮಾಡುತ್ತಿದ್ದರು. ಬೆಳಿಗ್ಗೆ ನಾಯಿಗಳನ್ನು ನಡೆಸುವ ಹಂಟ್ಸ್‌ಮನ್ ಹೌಂಡ್‌ಗಳನ್ನು ಪೊದೆಯೊಳಕ್ಕೆ ಬಿಡುತ್ತಾನೆ. ನರಿಯ ವಾಸನೆ ಸಿಕ್ಕ ಕೂಡಲೇ ನಾಯಿಗಳು ಕೂಗುತ್ತ ಓಡುತ್ತವೆ. ಹಿಂದಿನಿಂದ ಸವಾರರು ಬೇಲಿ, ಹಳ್ಳ ಜಿಗಿದು ಬರುತ್ತಾರೆ. ನರಿ ಹುಟ್ಟಿನಿಂದ ದೂರದ ಓಟಗಾರನಲ್ಲ. ಸ್ವಲ್ಪ ದೂರ ಓಡಿ ಬಚ್ಚಿಟ್ಟುಕೊಳ್ಳುವುದು ಅದರ ಸ್ವಭಾವ. ಹೌಂಡ್‌ಗಳನ್ನು ಮಾತ್ರ ತಲೆಮಾರುಗಳಿಂದ ಗಂಟೆಗಟ್ಟಲೆ ಓಡುವ ಹಾಗೆ ಬೆಳೆಸಿದ್ದಾರೆ. 18ನೇ ಶತಮಾನದಲ್ಲಿ ಲೆಸ್ಟರ್‌ಶೈರ್‌ನ ಕ್ವಾರ್ನ್ ಹಂಟ್‌ನ ಹ್ಯೂಗೊ ಮೆನೆಲ್ ಎಂಬಾತ ವೇಗದ ಹೌಂಡ್‌ಗಳ ತಳಿ ಬೆಳೆಸಿದ. ನಾವು ಚಿತ್ರಗಳಲ್ಲಿ ನೋಡುವ ಬೇಟೆ, ಅಂದರೆ ಬಯಲಿನಲ್ಲಿ ಕುದುರೆಗಳ ನಾಗಾಲೋಟ, ಅಲ್ಲಿಂದಾಚೆ ಬೆಳೆದದ್ದು.

ನರಿ ಯಾವುದಾದರೂ ಬಿಲಕ್ಕೆ ನುಗ್ಗಿಬಿಟ್ಟರೂ ಕತೆ ಮುಗಿಯುತ್ತಿರಲಿಲ್ಲ. ಟೆರಿಯರ್ ಎಂಬ ಸಣ್ಣ ನಾಯಿಯನ್ನು ಬಿಲದೊಳಗೆ ಬಿಡುತ್ತಿದ್ದರು. ಅದು ನರಿಯನ್ನು ಒಳಗೇ ತಡೆದು ನಿಲ್ಲಿಸುತ್ತದೆ. ಮೇಲಿನಿಂದ ಅಗೆದು ನರಿಯನ್ನು ಕೊಲ್ಲುತ್ತಾರೆ. ಬೇಟೆಯ ಚಿತ್ರಗಳಲ್ಲಿ ಈ ಭಾಗ ಎಲ್ಲೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಇಡೀ ಬೇಟೆಯಲ್ಲಿ ಅತ್ಯಂತ ಕ್ರೂರವಾದದ್ದು ಇದೇ. ಮೇಲೆ ಓಡುವಾಗ ನರಿಗೆ ತಪ್ಪಿಸಿಕೊಳ್ಳುವ ದಾರಿಯಾದರೂ ಇರುತ್ತದೆ. ಕತ್ತಲ ಬಿಲದಲ್ಲಿ ಎದುರಿಗೆ ನಾಯಿ, ತಲೆಯ ಮೇಲೆ ಗುದ್ದಲಿ. ಅಲ್ಲಿ ಯಾವ ದಾರಿಯೂ ಇಲ್ಲ.

ವಿಚಾರಣೆ ಹೇಳಿದ್ದೇನು

1997ರಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಕೂಡಲೇ ಮೈಕಲ್ ಫಾಸ್ಟರ್ ಎಂಬ ಸಂಸದ ಖಾಸಗಿ ಮಸೂದೆ ತಂದರು. ಕೆಳಮನೆಯಲ್ಲಿ ಅದರ ಪರವಾಗಿ 411 ಮತ, ವಿರುದ್ಧವಾಗಿ 151 ಮತ ಬಿದ್ದವು. ಇಷ್ಟು ಬೆಂಬಲ ಇದ್ದರೂ ಸಮಯ ಸಿಗದೆ ಮಸೂದೆ ಬಿದ್ದುಹೋಯಿತು. ಮುಂದೆ ಸರ್ಕಾರ ಟೆರೆನ್ಸ್ ಬರ್ನ್ಸ್ ಎಂಬ ಅನುಭವಿ ಅಧಿಕಾರಿಯ ಕೈಗೆ ವಿಚಾರಣೆ ಒಪ್ಪಿಸಿತು. 2000ದ ಜೂನ್‌ನಲ್ಲಿ ಬಂದ ಅವರ ವರದಿ ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಕೈಗೆತ್ತಿಕೊಳ್ಳುವ ದಾಖಲೆ. ಎರಡೂ ಕಡೆಯವರು ತಮಗೆ ಬೇಕಾದ ಸಾಲುಗಳನ್ನು ಅದರಿಂದಲೇ ಆರಿಸಿಕೊಳ್ಳುತ್ತಾರೆ.

ವರದಿಯ ಅಂದಾಜಿನಂತೆ ಬ್ರಿಟನ್‌ನಲ್ಲಿ ಮರಿ ಹಾಕುವ ಕಾಲಕ್ಕೆ ಮುಂಚೆ ಇರುವ ನರಿಗಳು ಸುಮಾರು 2,17,000. ನೋಂದಾಯಿತ ಹಂಟ್‌ಗಳು ವರ್ಷಕ್ಕೆ ಕೊಲ್ಲುತ್ತಿದ್ದದ್ದು 21,000ದಿಂದ 25,000. ಅಗೆದು ತೆಗೆದು ಕೊಂದ ನರಿಗಳೂ ಈ ಲೆಕ್ಕದಲ್ಲಿ ಸೇರಿವೆ. ಬೇಟೆಯನ್ನೇ ನೆಚ್ಚಿಕೊಂಡ ಪೂರ್ಣಾವಧಿ ಕೆಲಸಗಳು 6,000ದಿಂದ 8,000. ನಾಯಿಗಳ ಕೈಗೆ ಸಿಕ್ಕ ನರಿ ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲೇ ಪ್ರಜ್ಞೆ ಕಳೆದುಕೊಂಡು ಸಾಯುತ್ತದೆ ಎಂದೂ ವರದಿ ಹೇಳಿತು. ಆದರೆ ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು ಎಲ್ಲ ಸೇರಿದರೆ ಈ ಬೇಟೆ ನರಿಯ ಕ್ಷೇಮಕ್ಕೆ ಗಂಭೀರವಾದ ಧಕ್ಕೆ ತರುತ್ತದೆ ಎಂಬುದು ಅದರ ತೀರ್ಮಾನವಾಗಿತ್ತು.

ಬೇಟೆಯ ಪರ ಇರುವವರ ದೊಡ್ಡ ವಾದ ರೈತರ ಹಿತದ್ದು. ನರಿ ಕುರಿಮರಿ ಕದಿಯುತ್ತದೆ, ಕೋಳಿ ಗೂಡಿಗೆ ನುಗ್ಗುತ್ತದೆ, ಹಾಗಾಗಿ ಅದರ ಸಂಖ್ಯೆ ಹತೋಟಿಯಲ್ಲಿರಬೇಕು ಎಂಬುದು ಆ ವಾದ. ನರಿ ಕೋಳಿ ಹಿಡಿಯುತ್ತದೆ ಎಂಬುದರಲ್ಲಿ ಸುಳ್ಳೇನೂ ಇಲ್ಲ. ಕುರಿಮರಿಗಳ ವಿಷಯದಲ್ಲಿ ಮಾತ್ರ ಹಾನಿ ಕಡಿಮೆಯೇ. ಬದುಕಬಲ್ಲ ಮರಿಗಳಲ್ಲಿ ನರಿಯಿಂದ ಸಾಯುವವು ಸಾಮಾನ್ಯವಾಗಿ 100ಕ್ಕೆ 2ಕ್ಕಿಂತಲೂ ಕಡಿಮೆ ಎಂದು ಬರ್ನ್ಸ್ ವರದಿ ಹೇಳಿತು. ಚಳಿ, ಮಳೆ, ಕಾಯಿಲೆಗೆ ಸಾಯುವ ಮರಿಗಳೇ ಜಾಸ್ತಿ.

ಸಂಖ್ಯೆಯ ಹತೋಟಿಯ ಪ್ರಶ್ನೆಗೆ ಯಾರೂ ಯೋಜಿಸದ ಒಂದು ಪರೀಕ್ಷೆಯೇ ನಡೆದುಹೋಯಿತು. 2001ರಲ್ಲಿ ಬ್ರಿಟನ್ನಿನ ದನ, ಕುರಿಗಳಿಗೆ ಕಾಲುಬಾಯಿ ಜ್ವರ ಬಂತು. ರೋಗ ಹರಡದಿರಲಿ ಎಂದು ದೇಶದಾದ್ಯಂತ ಬೇಟೆ ನಿಲ್ಲಿಸಿದರು. ಹೆಚ್ಚುಕಡಿಮೆ ಒಂದು ವರ್ಷ ಒಂದು ಹಂಟ್ ಕೂಡ ಹೊರಡಲಿಲ್ಲ. ಬೇಟೆಯೇ ನರಿಗಳ ಸಂಖ್ಯೆಯನ್ನು ಹಿಡಿದಿಟ್ಟಿದ್ದರೆ ಆ ವರ್ಷ ನರಿಗಳು ಹೆಚ್ಚಬೇಕಿತ್ತು. ವಿಜ್ಞಾನಿಗಳು ಈ ತಾತ್ಕಾಲಿಕ ತಡೆಗೆ ಮುಂಚೆ ಮತ್ತು ಆಮೇಲೆ 160 ಜಾಗಗಳಲ್ಲಿ ನರಿಗಳ ಹಿಕ್ಕೆ ಎಣಿಸಿ ಹೋಲಿಸಿ ನೋಡಿದರು. ನರಿಗಳು ಹೆಚ್ಚಿದ ಗುರುತು ಸಿಗಲಿಲ್ಲ. 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಅಧ್ಯಯನ ಬಂತು.

ಇದಕ್ಕೆ ಕಾರಣ ನರಿಯ ಬಾಳುವೆಯಲ್ಲೇ ಇದೆ. ನರಿಗಳು ಗುಂಪಾಗಿ ಒಂದೊಂದು ಸೀಮೆ ಹಿಡಿದು ಬದುಕುತ್ತವೆ. ಗುಂಪಿನಲ್ಲಿ ಸಾಮಾನ್ಯವಾಗಿ ಮೇಲುಗೈ ಇರುವ ಹೆಣ್ಣು ಮಾತ್ರ ಮರಿ ಹಾಕುತ್ತದೆ. ಒಂದು ನರಿ ಸತ್ತರೆ ಆ ಜಾಗಕ್ಕೆ ಪಕ್ಕದ ಸೀಮೆಯ ಎಳೆ ನರಿ ಬಂದು ಸೇರುತ್ತದೆ. ಎಷ್ಟು ಆಹಾರ, ಎಷ್ಟು ಜಾಗ ಇದೆಯೋ ಅಷ್ಟಕ್ಕೆ ಅವುಗಳ ಸಂಖ್ಯೆ ನಿಲ್ಲುತ್ತದೆ. ಲಂಡನ್, ಬ್ರಿಸ್ಟಲ್ ಕಡೆ ನೆಲೆಸಿರುವ ಕನ್ನಡಿಗರು ಇದನ್ನು ಕಣ್ಣಾರೆ ನೋಡಿರುತ್ತಾರೆ. ರಾತ್ರಿ ಹಿತ್ತಲಿಗೆ ಬಂದು ಕಸದ ಚೀಲ ಕೆದಕುವ ನರಿ ಅಲ್ಲಿ ಹೊಸ ನೋಟವೇನಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೀಟಲೆಯ ಪ್ರಾಣಿಯನ್ನು ಕಡಿಮೆ ಮಾಡುವುದೇ ಗುರಿಯಾಗಿದ್ದರೆ ಯಾರಾದರೂ ಅದಕ್ಕೆ ಮನೆ ಕಟ್ಟಿಕೊಡುತ್ತಾರಾ? ಕೆಲವು ಹಂಟ್‌ಗಳು ತಮ್ಮ ಸೀಮೆಯಲ್ಲಿ ನರಿ ನೆಲೆಸಲಿ ಎಂದು ಕೊಳವೆ ಹೂತು ಕೃತಕ ಬಿಲಗಳನ್ನು ಮಾಡಿದ್ದವು. 19ನೇ ಶತಮಾನದಲ್ಲಂತೂ ನರಿ ಸಾಲದೆ ಯುರೋಪಿನಿಂದ ತರಿಸಿ ಬಿಟ್ಟದ್ದೂ ಉಂಟು. ಬೇಟೆಗೆ ನರಿ ಬೇಕಿತ್ತು.

ಮೇಲ್ಮನೆ, ಕೋರ್ಟು, ಬೀದಿ

ಕಾಯ್ದೆ ಬಂದ ದಾರಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2002ರ ಸೆಪ್ಟೆಂಬರ್ 22ರಂದು 4 ಲಕ್ಷಕ್ಕೂ ಹೆಚ್ಚು ಜನ ಲಂಡನ್ನಿನ ಬೀದಿಗಳಲ್ಲಿ ನಡೆದರು. ಬೇಟೆಯ ಪರವಾಗಿರುವ ಕಂಟ್ರಿಸೈಡ್ ಅಲಯನ್ಸ್ ಎಂಬ ಸಂಘ ಕರೆದ ಮೆರವಣಿಗೆ ಅದು. ಬೇಟೆಯ ಜೊತೆಗೆ ಹಳ್ಳಿಗಳ ಬದುಕು, ಬೇಸಾಯದ ಕಷ್ಟ ಎಲ್ಲವೂ ಆ ಮೆರವಣಿಗೆಯಲ್ಲಿತ್ತು. 2004ರ ಸೆಪ್ಟೆಂಬರ್ 15ರಂದು ಮಸೂದೆಯ ಮೇಲೆ ಚರ್ಚೆ ನಡೆಯುತ್ತಿದ್ದಾಗ 5 ಜನ ಪ್ರತಿಭಟನಕಾರರು ಕೆಳಮನೆಯ ಸಭಾಂಗಣಕ್ಕೇ ನುಗ್ಗಿದರು. ಮೇಲ್ಮನೆ ಮಸೂದೆಯನ್ನು ಒಪ್ಪಲೇ ಇಲ್ಲ. ಕೊನೆಗೆ ಮೇಲ್ಮನೆಯ ಒಪ್ಪಿಗೆ ಇಲ್ಲದೆಯೇ ಕಾಯ್ದೆ ಮಾಡಲು ಅವಕಾಶ ಕೊಡುವ 1911 ಮತ್ತು 1949ರ ಪಾರ್ಲಿಮೆಂಟ್ ಕಾಯ್ದೆಗಳನ್ನು ಬಳಸಬೇಕಾಯಿತು. ಅದು ಸರಿಯಲ್ಲ ಎಂದು ಬೇಟೆಯ ಪರದವರು ಕೋರ್ಟಿಗೆ ಹೋದರು. 2005ರ ಅಕ್ಟೋಬರ್‌ನಲ್ಲಿ 9 ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಮಾನವ ಹಕ್ಕುಗಳ ಹೆಸರಿನಲ್ಲಿ ಹಾಕಿದ ಕೇಸುಗಳೂ ನಿಲ್ಲಲಿಲ್ಲ.

ಆಗ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ 2010ರಲ್ಲಿ ಬರೆದ ತಮ್ಮ ನೆನಪುಗಳಲ್ಲಿ ಈ ಕಾಯ್ದೆಯ ಬಗ್ಗೆ ವಿಷಾದ ತೋಡಿಕೊಂಡರು. ಬೇಟೆ ನಿಷೇಧವಾಗಿದೆ, ಆದರೆ ಪೂರ್ತಿ ನಿಷೇಧವಾಗಿಲ್ಲ ಎಂಬಂಥ ಒಂದು ರಾಜಿಯಲ್ಲಿ ಅದು ಮುಗಿಯಿತು ಎಂಬ ಅರ್ಥದ ಮಾತನ್ನೂ ಬರೆದರು. ಕಾಯ್ದೆ ತಂದ ಸರ್ಕಾರದ ಮುಖ್ಯಸ್ಥರೇ ಹೀಗೆ ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಮುಂದಿನ 20 ವರ್ಷದ ತೊಂದರೆಗೆಲ್ಲ ಬೇರು ಆ ರಾಜಿಯಲ್ಲೇ ಇದೆ.

ಕಾಯ್ದೆಯ ತೂತುಗಳು

ಕಾಯ್ದೆಯ ಮೊದಲ ಸಾಲು ಸ್ಪಷ್ಟವಾಗಿದೆ. ನಾಯಿಯಿಂದ ಕಾಡುಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಅದರ ಬೆನ್ನಿಗೇ ವಿನಾಯಿತಿಗಳು ಬರುತ್ತವೆ. 2 ನಾಯಿಗಳನ್ನು ಬಿಟ್ಟು ನರಿಯನ್ನು ಪೊದೆಯಿಂದ ಹೊರಡಿಸಿ ಗುಂಡು ಹಾರಿಸಬಹುದು. ಹದ್ದಿನಂಥ ಬೇಟೆಯ ಹಕ್ಕಿ ಹಿಡಿಯಲಿ ಎಂದು ಎಷ್ಟು ನಾಯಿ ಬೇಕಾದರೂ ಬಿಟ್ಟು ಪ್ರಾಣಿಯನ್ನು ಹೊರಡಿಸಬಹುದು. ಸಂಶೋಧನೆಗೆ, ವೀಕ್ಷಣೆಗೆ 2 ನಾಯಿ ಬಳಸಬಹುದು. ಗುಂಡಿಟ್ಟು ಹೊಡೆಯುವ ಆಟಕ್ಕೆಂದು ಸಾಕಿದ ಹಕ್ಕಿಗಳನ್ನು ಕಾಪಾಡಲು 1 ಟೆರಿಯರನ್ನು ಬಿಲಕ್ಕೆ ಬಿಡಬಹುದು. ಕಾಯ್ದೆ ಬಂದ ಕೂಡಲೇ ಕೆಲವು ಹಂಟ್‌ಗಳ ಜೊತೆ ಹದ್ದು ಕೂಡ ಹೊರಡತೊಡಗಿತು. ಕಾರಣ ಹೇಳಬೇಕಾಗಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತೂತು ಕಾಯ್ದೆಯ ಪುಟದಲ್ಲಿ ಬರೆದಿಲ್ಲ. ಟ್ರೇಲ್ ಹಂಟಿಂಗ್ ಎಂಬ ಮಾತೇ ಅದರಲ್ಲಿಲ್ಲ. ಹಂಟ್‌ಗಳು ಕಾಯ್ದೆ ಬಂದ ಮೇಲೆ ತಾವೇ ರೂಢಿಗೆ ತಂದದ್ದು ಅದು. ಒಬ್ಬ ಮುಂದೆ ಹೋಗಿ ನರಿಯ ಮೂತ್ರದಂಥ ವಾಸನೆ ಹಚ್ಚಿದ ಬಟ್ಟೆಯನ್ನು ನೆಲದ ಮೇಲೆ ಎಳೆಯುತ್ತಾನೆ. ಹೌಂಡ್‌ಗಳು ಆ ಜಾಡು ಹಿಡಿಯುತ್ತವೆ. ಜಾಡು ಎಲ್ಲಿದೆ ಎಂದು ನಾಯಿಗಳನ್ನು ನಡೆಸುವವರಿಗೆ ಸಾಮಾನ್ಯವಾಗಿ ಹೇಳುವುದಿಲ್ಲ. ಹಳೆಯ ಬೇಟೆಯ ಹಾಗೇ ಹುಡುಕಾಟ ಇರಲಿ ಎಂದು ಈ ಏರ್ಪಾಡು. ಜಾಡು ಎಳೆಯುವುದೂ ನರಿಗಳಿರುವ ಪೊದೆ, ಕಾಡಿನ ಅಂಚಿನಲ್ಲೇ. ನಿಜವಾದ ನರಿಯ ವಾಸನೆ ಸಿಕ್ಕರೆ ನಾಯಿಗೆ ಯಾವುದು ಬಟ್ಟೆಯ ವಾಸನೆ, ಯಾವುದು ಜೀವದ ವಾಸನೆ ಎಂದು ಹೇಗೆ ತಿಳಿಯಬೇಕು? ಅದು ನರಿಯ ಹಿಂದೆ ಓಡುತ್ತದೆ. ನರಿ ಸತ್ತರೆ, ಅದು ಆಕಸ್ಮಿಕ, ನಾವು ಬೇಕೆಂದು ಮಾಡಿದ್ದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕೋರ್ಟಿನಲ್ಲಿ ಕೇಸು ಸೋಲುವುದೂ ಅಲ್ಲೇ. ಬೇಟೆಯಾಡುವ ಉದ್ದೇಶ ಇತ್ತು ಎಂದು ಪೊಲೀಸರು ಸಾಬೀತು ಮಾಡಬೇಕು. ನಾಯಿಗಳು ನರಿಯ ಹಿಂದೆ ಓಡಿದ ವಿಡಿಯೊ ಸಿಕ್ಕರೆ ಸಾಲದು. ಹಂಟ್ಸ್‌ಮನ್‌ನ ಮನಸ್ಸಿನಲ್ಲಿ ಏನಿತ್ತು ಎಂದು ತೋರಿಸಬೇಕು. 2009ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಇನ್ನೂ ಎರಡು ಮಾತು ಹೇಳಿತು. ಪ್ರಾಣಿಯನ್ನು ಸುಮ್ನೆ ಹುಡುಕುವುದು ಬೇಟೆ ಎನಿಸುವುದಿಲ್ಲ ಎಂಬುದು ಒಂದು. ವಿನಾಯಿತಿಯ ವಿಷಯ ಎದ್ದಾಗ, ಅದು ಅನ್ವಯಿಸುವುದಿಲ್ಲ ಎಂದು ತೋರಿಸುವ ಭಾರ ಕೇಸು ಹಾಕಿದವರ ಮೇಲಿದೆ ಎಂಬುದು ಇನ್ನೊಂದು. ಇಷ್ಟಾದ ಮೇಲೂ ಅಪರಾಧ ಸಾಬೀತಾದರೆ ಶಿಕ್ಷೆ ದಂಡ ಮಾತ್ರ, ಜೈಲಿಲ್ಲ. ಈ ಕಾಯ್ದೆಯಡಿ ಶಿಕ್ಷೆಯಾದವರಲ್ಲಿ ಬಹಳ ಮಂದಿ ಹಂಟ್‌ಗಳಿಗೆ ಸೇರಿದವರಲ್ಲ, ಮೊಲದ ಹಿಂದೆ ನಾಯಿ ಬಿಟ್ಟ ಕಳ್ಳಬೇಟೆಗಾರರು.

ಹೆರೆಫರ್ಡ್‌ಶೈರ್‌ನ ಒಂದು ಪ್ರಕರಣ ನೋಡಿ. 2016ರಲ್ಲಿ ಪ್ರಾಣಿ ಹಕ್ಕುಗಳ ಕಾರ್ಯಕರ್ತರು ಅಡಗಿಸಿಟ್ಟ ಕ್ಯಾಮೆರಾದಲ್ಲಿ ಹಂಟ್ ಒಂದರ ನಾಯಿಮನೆಗೆ ನರಿ ಮರಿಗಳನ್ನು ಹಾಕುತ್ತಿದ್ದದ್ದು ಸೆರೆಯಾಯಿತು. 2019ರಲ್ಲಿ ಹಂಟ್ಸ್‌ಮನ್‌ಗೆ ಶಿಕ್ಷೆಯಾಯಿತು. ಶಿಕ್ಷೆಯಾದದ್ದು ಹಂಟಿಂಗ್ ಕಾಯ್ದೆಯಡಿ ಅಲ್ಲ, 2006ರ ಪ್ರಾಣಿ ಕ್ಷೇಮ ಕಾಯ್ದೆಯಡಿ. ಬೇಟೆಯನ್ನು ತಡೆಯಲೆಂದೇ ಬರೆದ ಕಾಯ್ದೆಗಿಂತ ಬೇರೊಂದು ಕಾಯ್ದೆ ಹೆಚ್ಚು ಕೆಲಸಕ್ಕೆ ಬಂತು.

2020ರ ನವೆಂಬರ್‌ನಲ್ಲಿ ವಿಷಯ ಹೊಸ ತಿರುವು ತೆಗೆದುಕೊಂಡಿತು. ಹಂಟ್‌ಗಳ ಸಂಘವೊಂದು ತನ್ನ ಸದಸ್ಯರಿಗಾಗಿ ಆನ್‌ಲೈನ್‌ನಲ್ಲಿ ನಡೆಸಿದ ತರಬೇತಿಯ ವಿಡಿಯೊಗಳು ಹೊರಬಂದವು. ಅದರಲ್ಲಿ ಸಂಘದ ಹಿರಿಯ ನಿರ್ದೇಶಕರೊಬ್ಬರು ಜಾಡು ಎಳೆಯುವುದನ್ನು ಒಂದು ಹೊಗೆಪರದೆಯ ಹಾಗೆ ವರ್ಣಿಸಿದ್ದರು. 2021ರಲ್ಲಿ ಕೆಳಗಿನ ಕೋರ್ಟ್ ಅವರನ್ನು ತಪ್ಪಿತಸ್ಥ ಎಂದಿತು. 2022ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಕಾನೂನಿನ ಮಟ್ಟಿಗೆ ಅವರು ನಿರ್ದೋಷಿ, ಅದನ್ನು ಒಪ್ಪಲೇಬೇಕು. ಆದರೆ ಅಷ್ಟರಲ್ಲಿ ಭೂಮಿಯ ಮಾಲೀಕರು ಎಚ್ಚೆತ್ತಿದ್ದರು. ದೊಡ್ಡ ಪ್ರಮಾಣದಲ್ಲಿ ಜಮೀನು ಇರುವ ನ್ಯಾಷನಲ್ ಟ್ರಸ್ಟ್‌ನ ಸದಸ್ಯರು 2021ರ ಅಕ್ಟೋಬರ್‌ನಲ್ಲಿ ಮತ ಹಾಕಿದರು. ತಮ್ಮ ಜಮೀನಿನಲ್ಲಿ ಟ್ರೇಲ್ ಹಂಟಿಂಗ್ ಬೇಡ ಎಂದವರು 76,816, ಇರಲಿ ಎಂದವರು 38,184. ಮುಂದಿನ ತಿಂಗಳೇ ಟ್ರಸ್ಟ್ ಪರವಾನಗಿ ನಿಲ್ಲಿಸಿತು. ವೇಲ್ಸ್‌ನ ಸರ್ಕಾರಿ ಅರಣ್ಯ ಭೂಮಿಯಲ್ಲೂ ನಿಂತಿತು. ಬೇಟೆ ಅಪರಾಧಗಳ ಹೊಣೆ ಹೊತ್ತ ರಾಷ್ಟ್ರ ಮಟ್ಟದ ಪೊಲೀಸ್ ಅಧಿಕಾರಿಯೇ ಈಗಿನ ಕಾಯ್ದೆ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಟ್ರೇಲ್ ಹಂಟಿಂಗ್ ಹಲವು ಕಡೆ ಅಕ್ರಮ ಬೇಟೆಗೆ ಮರೆಯಾಗಿದೆ ಎಂದು ಬಹಿರಂಗವಾಗಿ ಹೇಳಿದರು.

ಎಲ್ಲ ಹಂಟ್‌ಗಳೂ ಕಾಯ್ದೆ ಮುರಿಯುತ್ತಿವೆ ಎಂದು ನಾನು ಹೇಳುತ್ತಿಲ್ಲ. ನಿಯತ್ತಾಗಿ ಜಾಡು ಎಳೆದು ಓಡಿಸುವವರೂ ಇರಬಹುದು. ತೊಂದರೆ ಏನೆಂದರೆ, ದೂರದಿಂದ ನೋಡುವವರಿಗೆ ಇಬ್ಬರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪೊಲೀಸರಿಗೂ ಕಾಣುವುದಿಲ್ಲ, ನ್ಯಾಯಾಧೀಶರಿಗೂ ಕಾಣುವುದಿಲ್ಲ. 1963ರಿಂದ ಹಂಟ್‌ಗಳ ಹಿಂದೆ ಬಿದ್ದಿರುವ ಸ್ಯಾಬ್‌ಗಳು, ಅಂದರೆ ಬೇಟೆ ತಡೆಯುವ ಕಾರ್ಯಕರ್ತರು, ಇವತ್ತಿಗೂ ಪ್ರತಿ ಶನಿವಾರ ಚಳಿಯಲ್ಲಿ ಕ್ಯಾಮೆರಾ ಹಿಡಿದು ಓಡುತ್ತಿದ್ದಾರೆ. ಕಾಯ್ದೆಯನ್ನು ಕಾಯುವ ಕೆಲಸ ಅವರ ಪಾಲಿಗೆ ಬಿದ್ದಿದೆ. ಎರಡು ಗುಂಪುಗಳು ಹೊಲದ ಬದುವಿನಲ್ಲಿ ಎದುರಾದಾಗ ಹೊಡೆದಾಟವೂ ಆಗುತ್ತದೆ. ಇದು ಯಾವ ಊರಿಗೂ ಒಳ್ಳೆಯದಲ್ಲ.

ಹಳ್ಳಿಯವರ ಮಾತು

ಬೇಟೆಯ ಪರ ಇರುವವರನ್ನೆಲ್ಲ ಸಿರಿವಂತ ಜಮೀನ್ದಾರರು ಎಂದು ತಳ್ಳಿಹಾಕುವುದು ಸುಲಭ. ಅದು ನಿಜವಲ್ಲ. ಕುದುರೆಯ ಮೇಲೆ ಇರುವವರಷ್ಟೇ ಅಲ್ಲ, ಕಾಲ್ನಡಿಗೆಯಲ್ಲಿ ಹಿಂಬಾಲಿಸುವ ರೈತರು, ಕೂಲಿಯವರು, ಲಾಳ ಕಟ್ಟುವವರು, ಶಾಲೆಯ ಮಕ್ಕಳು ಎಲ್ಲರೂ ಇದ್ದಾರೆ. ಚಳಿಗಾಲದಲ್ಲಿ ಊರಿನವರು ಒಂದೆಡೆ ಸೇರುವ ಸಂದರ್ಭ ಅದು. ಹೊಲದಲ್ಲಿ ಸತ್ತ ಕುರಿ, ದನಗಳನ್ನು ಹಂಟ್‌ನವರೇ ಬಂದು ಒಯ್ದು ಹೌಂಡ್‌ಗಳಿಗೆ ಹಾಕುತ್ತಾರೆ. ಇಲ್ಲದಿದ್ದರೆ ರೈತ ಅದನ್ನು ಸಾಗಿಸಲು ಕೈಯಿಂದ ದುಡ್ಡು ಕೊಡಬೇಕು. ಇವೆಲ್ಲ ನಿಜವಾದ ನಷ್ಟಗಳೇ.

ಅದರ ಮೇಲೆ 2024ರ ಬಜೆಟ್‌ನಲ್ಲಿ ಜಮೀನಿನ ಮೇಲೆ ಉತ್ತರಾಧಿಕಾರ ತೆರಿಗೆ ಹಾಕುವ ಮಾತು ಬಂದು, ರೈತರು ಟ್ರ್ಯಾಕ್ಟರ್ ಸಮೇತ ಲಂಡನ್ನಿಗೆ ಬಂದಿದ್ದರು. ಅಂಥ ಹೊತ್ತಿನಲ್ಲಿ ಟ್ರೇಲ್ ಹಂಟಿಂಗ್ ನಿಷೇಧ ಎಂದರೆ ಸರ್ಕಾರಕ್ಕೆ ಹಳ್ಳಿ ಕಂಡರೆ ಆಗುವುದಿಲ್ಲ ಎಂದು ಅವರಿಗೆ ಅನಿಸುವುದರಲ್ಲಿ ಆಶ್ಚರ್ಯವಿಲ್ಲ. ಇಷ್ಟೊಂದು ಕಷ್ಟಗಳಿರುವಾಗ ಇದೇ ಯಾಕೆ ಮೊದಲು ಎಂದು ಕಂಟ್ರಿಸೈಡ್ ಅಲಯನ್ಸ್ ಕೇಳುತ್ತದೆ. ಹೌಂಡ್‌ಗಳ ಗತಿ ಏನು ಎಂದೂ ಕೇಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಒಂದನ್ನು ನೆನಪಿಡಬೇಕು. ಓಡಲಾಗದ ಹೌಂಡ್‌ಗಳನ್ನು ಕೊಲ್ಲುವುದು ಹಂಟ್‌ಗಳಲ್ಲಿ ಹಿಂದಿನಿಂದಲೂ ಇರುವ ರೂಢಿ.

ಸಂಪ್ರದಾಯದ ವಾದ ನಮಗೆ ಕನ್ನಡಿಗರಿಗೆ ಹೊಸದಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತಾಗ ಕರಾವಳಿಯಲ್ಲಿ ಇದೇ ನೋವು ಕೇಳಿಬಂದಿತ್ತು. ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಒಪ್ಪಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಕಂಬಳ ಮುಗಿದ ಮೇಲೆ ಕೋಣ ಯಜಮಾನನ ಹಟ್ಟಿಗೆ ಹಿಂದಿರುಗುತ್ತದೆ. ನರಿ ಬೇಟೆ ಗೆದ್ದಿತು ಎಂದರೆ ನರಿ ಸತ್ತಿದೆ ಎಂದೇ ಅರ್ಥ. ಆದರೂ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಸಂಪ್ರದಾಯವನ್ನು ಉಳಿಸಿಕೊಂಡು ಪ್ರಾಣಿಗೆ ಆಗುವ ಹಿಂಸೆಯನ್ನು ತೆಗೆಯಲು ಬರುತ್ತದಾ?

ನರಿ ಬೇಟೆಯ ಮಟ್ಟಿಗೆ ಉತ್ತರ ಬಹಳ ಹಿಂದಿನಿಂದಲೂ ಕಣ್ಣೆದುರಿಗಿದೆ. ಡ್ರ್ಯಾಗ್ ಹಂಟಿಂಗ್ ಎಂಬುದು 19ನೇ ಶತಮಾನದಿಂದಲೇ ಬಂದಿರುವ ಆಟ. ಅದರಲ್ಲಿ ಹೌಂಡ್‌ಗಳಿಗೆ ನರಿಯ ವಾಸನೆ ಕಲಿಸುವುದಿಲ್ಲ. ಸೋಂಪಿನಂಥ ಬೇರೆ ವಾಸನೆ ಕಲಿಸುತ್ತಾರೆ. ದಾರಿ ಮೊದಲೇ ಗೊತ್ತಾಗಿರುತ್ತದೆ, ನರಿಗಳಿರುವ ಪೊದೆ, ರಸ್ತೆ, ರೈಲು ಹಳಿ ಬಿಟ್ಟು ಹೋಗಬಹುದು. ಇನ್ನೂ ಒಂದು ಬಗೆಯಲ್ಲಿ ಬ್ಲಡ್‌ಹೌಂಡ್‌ಗಳು ಓಡುವ ಮನುಷ್ಯನ ವಾಸನೆ ಹಿಡಿದು ಹೋಗುತ್ತವೆ. ಕುದುರೆ ಇದೆ, ಕೋಟಿದೆ, ಕಹಳೆ ಇದೆ, ಬೇಲಿ ಜಿಗಿಯುವ ರೋಮಾಂಚನವಿದೆ, ಊರಿನವರು ಸೇರುವುದಿದೆ, ಕುದುರೆ ಲಾಯದ ಕೆಲಸವಿದೆ, ಸತ್ತ ದನ ಒಯ್ಯುವುದೂ ನಿಲ್ಲಬೇಕಾಗಿಲ್ಲ. ನರಿ ಮಾತ್ರ ಇಲ್ಲ. ಮುಂದೇನಾಗುತ್ತದೋ ಎಂಬ ಕುತೂಹಲ ಅದರಲ್ಲಿಲ್ಲ, ಹೌಂಡ್‌ಗಳು ತಾವೇ ಹುಡುಕುವುದನ್ನು ನೋಡುವ ಸುಖವಿಲ್ಲ ಎಂದು ಹಳೆಯ ಬೇಟೆಗಾರರು ಹೇಳುತ್ತಾರೆ. ಅವರ ಮಾತು ಪ್ರಾಮಾಣಿಕವಾದದ್ದೇ. ಆದರೆ ಆ ಸುಖಕ್ಕೆ ಬೆಲೆ ಕೊಡುವುದು ನರಿ. ಅಷ್ಟು ಬೆಲೆ ಕೇಳುವ ಹಕ್ಕು ಯಾರಿಗೂ ಇಲ್ಲ ಎಂಬುದು ನನ್ನ ನಂಬಿಕೆ.

ಅಂದ ಹಾಗೆ, ಈ ಆಟವನ್ನು ಬ್ರಿಟಿಷರು ನಮ್ಮ ಪಕ್ಕದ ನೀಲಗಿರಿಗೂ ತಂದಿದ್ದರು. ಊಟಿಯ ವೆನ್ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ಊಟಿ ಹಂಟ್‌ನವರು ಇಂಗ್ಲಿಷ್ ಹೌಂಡ್‌ಗಳನ್ನು ಸಾಕಿ ಗುಳ್ಳೆನರಿಗಳನ್ನು ಬೆನ್ನಟ್ಟುತ್ತಿದ್ದರು. ಭಾರತ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಂದು ಬೇರೆ ದಾರಿ ಹಿಡಿಯಿತು.

ಹೊಸ ಕಾಯ್ದೆಯಲ್ಲಿ ಏನಿರಬೇಕು

ಸ್ಕಾಟ್ಲೆಂಡ್ ಈ ಪಾಠವನ್ನು ಮೊದಲೇ ಕಲಿತಿದೆ. ಅಲ್ಲಿ 2002ರಲ್ಲೇ, ಇಂಗ್ಲೆಂಡಿಗಿಂತ ಮುಂಚೆ, ನಿಷೇಧ ಬಂದಿತ್ತು. ಆದರೆ ಗುಂಡು ಹಾರಿಸುವುದಕ್ಕಾಗಿ ಇಡೀ ಹಿಂಡನ್ನು ಬಿಟ್ಟು ನರಿಯನ್ನು ಹೊರಡಿಸಬಹುದು ಎಂಬ ವಿನಾಯಿತಿ ಇತ್ತು. ಹಂಟ್‌ಗಳು ಅದನ್ನೇ ಹಿಡಿದುಕೊಂಡವು. 2016ರಲ್ಲಿ ಲಾರ್ಡ್ ಬೊನೋಮಿ ಎಂಬ ನ್ಯಾಯಮೂರ್ತಿ ಕಾಯ್ದೆಯನ್ನು ಪರಿಶೀಲಿಸಿ ಬಿಗಿ ಮಾಡಬೇಕು ಎಂದರು. 2023ರಲ್ಲಿ ಸ್ಕಾಟಿಷ್ ಸಂಸತ್ತು ಹೊಸ ಕಾಯ್ದೆ ತಂದಿತು. ಈಗ ಅಲ್ಲಿ 2ಕ್ಕಿಂತ ಹೆಚ್ಚು ನಾಯಿ ಬಳಸಬೇಕಾದರೆ ಪರವಾನಗಿ ಬೇಕು. ಟ್ರೇಲ್ ಹಂಟಿಂಗ್ ನಿಷಿದ್ಧ. ಗುಡ್ಡಗಾಡಿನಲ್ಲಿ ಕುರಿ ಸಾಕುವವರಿಗೆ ನಿಜವಾದ ತೊಂದರೆ ಇದ್ದರೆ ಪರವಾನಗಿಯ ದಾರಿ ತೆರೆದಿದೆ. ಇದು ನ್ಯಾಯವಾದ ಏರ್ಪಾಡು. ಕಡಿದಾದ ಬೆಟ್ಟ, ದಟ್ಟ ಕಾಡು ಇರುವ ಕಡೆ ರಾತ್ರಿ ದೀಪ ಹಾಕಿ ರೈಫಲ್‌ನಿಂದ ಹೊಡೆಯುವುದು ಕಷ್ಟ ಎಂದು ಬರ್ನ್ಸ್ ವರದಿಯೂ ಒಪ್ಪಿತ್ತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಇಂದಿಗೂ ನರಿ ಬೇಟೆಗೆ ತಡೆ ಇಲ್ಲ. 2021ರ ಕೊನೆಗೆ ಅಲ್ಲಿ ಮಂಡಿಸಿದ ನಿಷೇಧದ ಮಸೂದೆ ಸೋತಿತು.

ಸ್ಕಾಟ್ಲೆಂಡಿನ ದಾರಿಯಲ್ಲಿ ಗಮನಿಸಬೇಕಾದದ್ದು ನಾಯಿಗಳ ಎಣಿಕೆ. ಎಷ್ಟು ನಾಯಿಗಳಿದ್ದವು ಎಂದು ಯಾರು ಬೇಕಾದರೂ ಎಣಿಸಬಹುದು. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುವ ಕೆಲಸವಿಲ್ಲ. ಇಂಗ್ಲೆಂಡ್ ಟ್ರೇಲ್ ಹಂಟಿಂಗ್ ಎಂಬ ಹೆಸರನ್ನಷ್ಟೇ ನಿಷೇಧಿಸಿದರೆ, ಇನ್ನೊಂದು ಹೆಸರು ಹುಟ್ಟಿಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಪ್ರಾಣಿಯ ವಾಸನೆ ಹಚ್ಚಿದ ಜಾಡಿಗೆ ಹೌಂಡ್‌ಗಳನ್ನು ಬಿಡುವುದೇ ತಪ್ಪು ಎಂದು ಬರೆಯಬೇಕು. ನರಿ ಸಿಗಬಹುದು ಎಂದು ಗೊತ್ತಿದ್ದೂ ಲಕ್ಷ್ಯವಿಲ್ಲದೆ ನಾಯಿಗಳನ್ನು ಬಿಟ್ಟರೆ ಅದೂ ಅಪರಾಧವಾಗಬೇಕು. ಆಗ ಉದ್ದೇಶ ಇರಲಿಲ್ಲ ಎಂಬ ಉತ್ತರ ನಡೆಯುವುದಿಲ್ಲ. ದಂಡದ ಜೊತೆಗೆ ಜೈಲು ಶಿಕ್ಷೆಗೂ ಅವಕಾಶವಿರಬೇಕು. ಡ್ರ್ಯಾಗ್ ಹಂಟಿಂಗ್‌ಗೆ ಬದಲಾಗುವ ಹಂಟ್‌ಗಳಿಗೆ ಹೌಂಡ್‌ಗಳನ್ನು ಹೊಸ ವಾಸನೆಗೆ ತಯಾರು ಮಾಡಲು ಸಮಯ ಕೊಡುವುದು ನ್ಯಾಯ. ಅಲ್ಲಿ ಕೆಲಸ ಮಾಡುವವರ ಹೊಟ್ಟೆಪಾಡಿನ ಪ್ರಶ್ನೆ ಅದು.

ಟೆರಿಯರ್ ವಿನಾಯಿತಿಯೂ ಹೋಗಬೇಕು. ಟ್ರೇಲ್ ಹಂಟಿಂಗ್‌ನ ಗದ್ದಲದಲ್ಲಿ ಇದರ ಸುದ್ದಿ ಅಷ್ಟಾಗಿ ಬರುತ್ತಿಲ್ಲ. ಮನುಷ್ಯರು ಮುಂದೆ ಗುಂಡಿಟ್ಟು ಹೊಡೆಯಲಿಕ್ಕೆಂದು ಸಾಕಿದ ಹಕ್ಕಿಗಳನ್ನು ಕಾಪಾಡಲು, ಬಿಲದೊಳಗಿನ ನರಿಯ ಮೇಲೆ ನಾಯಿ ಬಿಡಬಹುದು ಎನ್ನುತ್ತದೆ ಈಗಿನ ಕಾಯ್ದೆ. ಬರೀ ಜಾಡನ್ನು ಹಿಂಬಾಲಿಸುವ ಹಂಟ್‌ಗೆ ಬಿಲ ಅಗೆಯುವವರ ಕೆಲಸವೇ ಇರುವುದಿಲ್ಲ. ಆದರೂ ಟ್ರೇಲ್ ಹಂಟಿಂಗ್ ಎಂದು ಹೊರಡುವ ಹಲವು ಹಂಟ್‌ಗಳ ಹಿಂದೆ ಟೆರಿಯರ್‌ನವರು ಕ್ವಾಡ್ ಬೈಕ್‌ಗಳಲ್ಲಿ ಗುದ್ದಲಿ ಹೊತ್ತು ಬರುತ್ತಿರುತ್ತಾರೆ. ಆ ವಿನಾಯಿತಿ ಪುಸ್ತಕದಲ್ಲಿ ಇರುವವರೆಗೂ ಅವರನ್ನು ತಡೆದು ನಿಲ್ಲಿಸಿ ಕೇಳಲು ಪೊಲೀಸರ ಕೈ ಗಟ್ಟಿಯಾಗುವುದಿಲ್ಲ.